ಅರ್ಥ ಬಿಡಿಸಿ ಹೇಳದ ಮಾತು: ಬ್ರಾಡ್‌ವೇ ರಂಗದ ಮೇಲೆ ಒಂದು ಬೀದಿ

(ನಮ್ಮ ಬಡಾವಣೆಯ ತಿಂಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಈ ವೇದಿಕೆಗೆ ಬಂದವರು ಸಾಮಾನ್ಯವಾಗಿ ಗೋಕಾಕ್ ವರದಿ, ನಾಮಫಲಕ, ನೌಕರಿ ಇವುಗಳ ಬಗ್ಗೆ ಮಾತನಾಡಿ ಹೋಗುತ್ತಾರೆ. ನಾನು ಅಮೆರಿಕದ ಒಂದು ನಾಟಕದ ಬಗ್ಗೆ ಮಾತನಾಡಲು ನಿಂತಿದ್ದೇನೆ. ಹುಬ್ಬೇರಿಸಬೇಡಿ. ಇದು ಕೋಟ್ಯಧೀಶರ ಕಥೆಯಲ್ಲ, ನಮ್ಮ ನಿಮ್ಮ ಬೀದಿಯಂಥದೇ ಒಂದು ಬೀದಿಯಲ್ಲಿ ಬೆಳೆದ ಮಕ್ಕಳ ಕಥೆ. ಆ ಮಕ್ಕಳು ಮನೆಯಲ್ಲಿ ಆಡುತ್ತಿದ್ದ ಮಾತು ದೇಶದ ಅತಿ ದುಬಾರಿ ರಂಗಮಂದಿರವನ್ನು ಹೇಗೆ ಹತ್ತಿತು, ಅಲ್ಲಿಂದ ಊರೂರು ಹೇಗೆ ತಿರುಗಿತು ಎಂಬುದೇ ನನ್ನ ವಿಷಯ.

ನಾನು ಪಿಯುಸಿಗೆ ಓದು ನಿಲ್ಲಿಸಿ ಅಪ್ಪನ ಪ್ರೆಸ್ಸಿನಲ್ಲಿ ಕೂತವನು. ನಾಟಕಶಾಸ್ತ್ರ ನನಗೆ ಗೊತ್ತಿಲ್ಲ. ಆದರೆ ಅಕ್ಷರ ಗೊತ್ತು. ಯಾವ ಭಾಷೆಯ ಸಾಲು ದಪ್ಪವಾಗಿ ಮೇಲೆ ಬರಬೇಕು, ಯಾವುದನ್ನು ಸಣ್ಣದಾಗಿ ಮೂಲೆಗೆ ತಳ್ಳಬೇಕು ಎಂದು ಗಿರಾಕಿಗಳು ಹೇಳುವಾಗಲೇ ಊರಿನಲ್ಲಿ ಯಾವ ಭಾಷೆಗೆ ಎಷ್ಟು ಬೆಲೆ ಎಂಬುದು ಪ್ರೆಸ್ಸಿನವನಿಗೆ ತಿಳಿದುಹೋಗುತ್ತದೆ. ನ್ಯೂಯಾರ್ಕನ್ನು ನಾನು ಕಂಡವನಲ್ಲ. ಈ ನಾಟಕದ ಹಾಡುಗಳ ಧ್ವನಿಮುದ್ರಿಕೆ ಕೇಳಿದ್ದೇನೆ, 2021ರಲ್ಲಿ ಬಂದ ಅದರ ಸಿನಿಮಾ ನೋಡಿದ್ದೇನೆ, ಕೈಗೆ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ. ಆ ಬಂಡವಾಳದ ಮೇಲೆ ಈ ಮಾತು.

ನಾಟಕದ ಹೆಸರು 'ಇನ್ ದಿ ಹೈಟ್ಸ್'. ಹೈಟ್ಸ್ ಎಂದರೆ ಇಲ್ಲಿ ವಾಷಿಂಗ್ಟನ್ ಹೈಟ್ಸ್, ನ್ಯೂಯಾರ್ಕಿನ ಮ್ಯಾನ್‌ಹಟನ್ ದ್ವೀಪದ ಉತ್ತರ ಭಾಗದ ದಿಣ್ಣೆಯ ಮೇಲಿರುವ ಬಡಾವಣೆ. ಪಕ್ಕದಲ್ಲಿ ಹಡ್ಸನ್ ನದಿ, ನದಿಗೆ ಅಡ್ಡಲಾಗಿ 1931ರಲ್ಲಿ ಸಂಚಾರಕ್ಕೆ ತೆರೆದ ಜಾರ್ಜ್ ವಾಷಿಂಗ್ಟನ್ ಸೇತುವೆ. ಒಂದೊಂದು ಕಾಲಕ್ಕೆ ಒಂದೊಂದು ಜನ ಇಲ್ಲಿಗೆ ಬಂದು ನೆಲೆಸಿದರು. ಐರಿಷರು ಬಂದರು. ಹಿಟ್ಲರನ ಕಾಟಕ್ಕೆ ಜರ್ಮನಿ ಬಿಟ್ಟು ಓಡಿದ ಯಹೂದಿಗಳು ಬಂದರು. ಅವರಿಂದಾಗಿ ಈ ಜಾಗಕ್ಕೆ 'ಹಡ್ಸನ್ ದಂಡೆಯ ಫ್ರಾಂಕ್‌ಫರ್ಟ್' ಎಂಬ ಅಡ್ಡಹೆಸರೇ ಬಿತ್ತು. ಆಮೇಲೆ ಕ್ಯೂಬಾದವರು, ಪೋರ್ಟೊ ರಿಕೊದವರು, 1960ರ ದಶಕದಿಂದೀಚೆಗೆ ದೊಡ್ಡ ಸಂಖ್ಯೆಯಲ್ಲಿ ಡೊಮಿನಿಕನ್ ಗಣರಾಜ್ಯದವರು. ಈ ಮೂರೂ ಕೆರೀಬಿಯನ್ ಸಮುದ್ರದ ನಾಡುಗಳು, ಮೂರರ ಮಾತೂ ಸ್ಪ್ಯಾನಿಷ್.

ಬರೆದವನು ಲಿನ್-ಮ್ಯಾನ್ಯುಯೆಲ್ ಮಿರಾಂಡಾ. ಹುಟ್ಟಿದ್ದು 1980ರಲ್ಲಿ. ತಂದೆತಾಯಿ ಪೋರ್ಟೊ ರಿಕೊದಿಂದ ಬಂದವರು. ಬೆಳೆದದ್ದು ವಾಷಿಂಗ್ಟನ್ ಹೈಟ್ಸಿಗೆ ಅಂಟಿಕೊಂಡಂತೆ ಉತ್ತರಕ್ಕಿರುವ ಇನ್‌ವುಡ್ ಎಂಬಲ್ಲಿ. ಶಾಲೆಯಲ್ಲಿ ಇಂಗ್ಲಿಷ್, ಮನೆಯಲ್ಲಿ ಸ್ಪ್ಯಾನಿಷ್, ಬೇಸಿಗೆ ರಜೆ ಬಂತೆಂದರೆ ಪೋರ್ಟೊ ರಿಕೊದ ವೇಗಾ ಆಲ್ಟಾ ಊರಿನ ಅಜ್ಜ ಅಜ್ಜಿಯ ಮನೆ. ನಮ್ಮ ಮಕ್ಕಳನ್ನು ರಜೆಗೆ ಹಳ್ಳಿಗೆ ಕಳಿಸುತ್ತೇವಲ್ಲ, ಹಾಗೆಯೇ. ಈ ನಾಟಕದ ಮೊದಲ ಕರಡು ಬರೆದಾಗ ಅವನಿಗೆ 19 ವರ್ಷ, ಕನೆಕ್ಟಿಕಟ್ ರಾಜ್ಯದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಎರಡನೆಯ ವರ್ಷದ ವಿದ್ಯಾರ್ಥಿ. 2000ದ ಏಪ್ರಿಲ್‌ನಲ್ಲಿ ಗೆಳೆಯರನ್ನು ಕಟ್ಟಿಕೊಂಡು ಕಾಲೇಜಿನಲ್ಲೇ ಆಡಿಸಿದ.

ಯಾಕೆ ಬರೆದ? ಇದಕ್ಕೆ ಹಿಂದಿನ ಲೆಕ್ಕ ಒಂದಿದೆ. ನ್ಯೂಯಾರ್ಕಿನ ಪೋರ್ಟೊ ರಿಕೊ ಹುಡುಗರನ್ನು ಬ್ರಾಡ್‌ವೇ ಸಂಗೀತ ನಾಟಕ ಮೊದಲು ದೊಡ್ಡದಾಗಿ ತೋರಿಸಿದ್ದು 1957ರ 'ವೆಸ್ಟ್ ಸೈಡ್ ಸ್ಟೋರಿ'ಯಲ್ಲಿ. ಅಲ್ಲಿ ಅವರು ಚಾಕು ಹಿಡಿದ ಪುಂಡರ ಗುಂಪು. ನಲವತ್ತು ವರ್ಷ ಕಳೆದು 1998ರಲ್ಲಿ ಪಾಲ್ ಸೈಮನ್ ಎಂಬ ಪ್ರಸಿದ್ಧ ಗಾಯಕ 'ದಿ ಕೇಪ್‌ಮ್ಯಾನ್' ತಂದರು. ಅದರ ನಾಯಕನೂ ಪೋರ್ಟೊ ರಿಕೊದ ಹುಡುಗ, ಅವನೂ ಕೊಲೆಗಾರ. ಅದು 68 ಪ್ರದರ್ಶನಕ್ಕೆ ಮುಚ್ಚಿತು. ಹದಿನೆಂಟರ ಹುಡುಗ ಮಿರಾಂಡಾ ಇದನ್ನು ಕಂಡು ನೊಂದುಕೊಂಡದ್ದನ್ನು ಆಮೇಲೆ ಹೇಳಿಕೊಂಡಿದ್ದಾನೆ. ನಮ್ಮ ಜನ ರಂಗಕ್ಕೆ ಬರಬೇಕಾದರೆ ಕೈಯಲ್ಲಿ ಚಾಕು ಇರಲೇಬೇಕೇ? ಬೆಳಿಗ್ಗೆ ಐದಕ್ಕೆ ಅಂಗಡಿ ಬಾಗಿಲು ತೆಗೆಯುವವನು, ಟ್ಯಾಕ್ಸಿ ಓಡಿಸುವವನು, ಮಗಳನ್ನು ಕಾಲೇಜಿಗೆ ಕಳಿಸಲು ಸಾಲ ಮಾಡುವವನು, ಇವರು ಯಾರೂ ನಾಟಕಕ್ಕೆ ಯೋಗ್ಯರಲ್ಲವೇ?

ಈ ಪ್ರಶ್ನೆಗೆ ಉತ್ತರವಾಗಿ ಹುಟ್ಟಿದ ಕಥೆಯನ್ನು ಈಗ ಕೇಳಿ. ನಡೆಯುವುದು ಮೂರೇ ದಿನ, ಜುಲೈ 3ರಿಂದ 5ರವರೆಗೆ. ನಮಗೆ ಅದು ಆಷಾಢದ ಗಾಳಿಯ ಕಾಲ, ಅಲ್ಲಿ ಬಿರುಬೇಸಿಗೆ. ರಂಗದ ಮೇಲೆ ಒಂದು ಬೀದಿ: ಒಂದು ಚಿಲ್ಲರೆ ಅಂಗಡಿ, ಒಂದು ಟ್ಯಾಕ್ಸಿ ಆಫೀಸು, ಒಂದು ಬ್ಯೂಟಿ ಪಾರ್ಲರ್, ವಠಾರದ ಮೆಟ್ಟಿಲು, ಹಿನ್ನೆಲೆಯಲ್ಲಿ ಸೇತುವೆ. ಅಂಗಡಿಯವನ ಹೆಸರು ಉಸ್ನಾವಿ. ಡೊಮಿನಿಕನ್ ಮೂಲದವನು, ತಂದೆತಾಯಿ ಇಲ್ಲ. ಬೆಳಿಗ್ಗೆ ಬಂದು ನೋಡುತ್ತಾನೆ, ಫ್ರಿಜ್ಜು ಕೆಟ್ಟಿದೆ, ಹಾಲು ಹುಳಿಯಾಗಿದೆ, ಕಾಫಿಗೆ ಗಿರಾಕಿಗಳು ಸಾಲುಗಟ್ಟಿದ್ದಾರೆ. ಡಬ್ಬಿಯ ಗಟ್ಟಿಹಾಲು ಹಾಕು ಮಗಾ ಎಂದು ಬೀದಿಯ ಅಜ್ಜಿ ಉಪಾಯ ಹೇಳುತ್ತಾಳೆ. ನಾಟಕ ಶುರುವಾಗುವುದು ಇಂಥ ಸಣ್ಣ ತಾಪತ್ರಯದಿಂದ. ಅಂಗಡಿ ಇಟ್ಟವರಿಗೆ ಅದು ಸಣ್ಣದಲ್ಲ ಎಂದು ನಿಮಗೆ ಗೊತ್ತು.

ಉಸ್ನಾವಿ ಎಂಬ ಹೆಸರು ಹೇಗೆ ಬಂತು ಗೊತ್ತೇ? ತಂದೆತಾಯಿ ಅಮೆರಿಕಕ್ಕೆ ಬರುವಾಗ ಎದುರಿಗೆ ಒಂದು ಹಡಗು ಕಂಡಿತು. ಅದರ ಮೈಮೇಲೆ ಅಮೆರಿಕದ ನೌಕಾಪಡೆ ಎಂದು ಇಂಗ್ಲಿಷಿನಲ್ಲಿ, 'ಯು.ಎಸ್. ನೇವಿ' ಎಂದು, ಬರೆದಿತ್ತು. ಆ ಅಕ್ಷರಗಳನ್ನು ಸ್ಪ್ಯಾನಿಷಿನಂತೆ ಕೂಡಿಸಿ ಓದಿದರು: ಉಸ್ನಾವಿ. ಮಗುವಿಗೆ ಅದೇ ಹೆಸರು! ಪ್ರೇಕ್ಷಕರು ಇಲ್ಲಿ ನಗುತ್ತಾರೆ. ಆದರೆ ಮೊಳೆ ಜೋಡಿಸಿದ ಮನೆತನದವನಾದ ನನಗೆ ಇದು ಬರೀ ನಗುವಿನ ಮಾತಲ್ಲ. ಹೊಸ ದೇಶದ ಯುದ್ಧನೌಕೆಯ ಮೇಲಿನ ಅಕ್ಷರವನ್ನೂ ತಮ್ಮ ನಾಲಿಗೆಗೆ ಒಗ್ಗಿಸಿಕೊಂಡು ಮಗನ ಹೆಸರು ಮಾಡಿಕೊಂಡ ಜನ ಅವರು.

ಅಜ್ಜಿಯ ಹೆಸರು ಕ್ಲಾಡಿಯಾ. ಬೀದಿಯಲ್ಲಿ ಯಾರಿಗೂ ರಕ್ತಸಂಬಂಧಿಯಲ್ಲ, ಎಲ್ಲರಿಗೂ ಅಜ್ಜಿ. ಅಬ್ವೇಲಾ ಎಂದರೆ ಸ್ಪ್ಯಾನಿಷಿನಲ್ಲಿ ಅಜ್ಜಿ. ನಾಟಕದಲ್ಲಿ ಅವಳನ್ನು ಇಂಗ್ಲಿಷಿನ ಗ್ರ್ಯಾಂಡ್‌ಮದರ್ ಎಂದು ಕರೆಯುವ ಪ್ರಾಣಿ ಒಬ್ಬನೂ ಇಲ್ಲ. 1943ರ ಚಳಿಗಾಲದಲ್ಲಿ ತಾಯಿಯ ಜೊತೆ ಕ್ಯೂಬಾದಿಂದ ಬಂದವಳು, ಕಂಡವರ ಮನೆ ಕೆಲಸ ಮಾಡಿಯೇ ಮುದುಕಿಯಾದವಳು. ತಾಳ್ಮೆ ಮತ್ತು ನಂಬಿಕೆ ಎಂಬ ಅರ್ಥದ ಹೆಸರಿನ ಹಾಡೊಂದಿದೆ ಅವಳಿಗೆ. ಅದರಲ್ಲಿ ಇಡೀ ಬದುಕನ್ನು ಹಿಂದಕ್ಕೆ ನೋಡುತ್ತಾಳೆ. ಒಲ್ಗಾ ಮೆರೆಡಿಜ್ ಎಂಬ ನಟಿ ರಂಗದ ಮೇಲೂ ಸಿನಿಮಾದಲ್ಲೂ ಈ ಪಾತ್ರ ಮಾಡಿದ್ದಾರೆ. ಭಾಷೆ ತಿಳಿಯದ ನನಗೂ ಆ ಹಾಡು ಕೇಳುವಾಗ ನಮ್ಮ ಬೀದಿಯ ಒಬ್ಬೊಬ್ಬ ಮುದುಕಿಯ ಮುಖ ಕಣ್ಣೆದುರು ಬಂತು.

ಆದರೆ ನಾಟಕದ ಜೀವ ಇರುವುದು, ನನ್ನ ಮಟ್ಟಿಗೆ, ನೀನಾ ಎಂಬ ಹುಡುಗಿಯಲ್ಲಿ. ಬೀದಿಯಿಂದ ದೊಡ್ಡ ಕಾಲೇಜಿಗೆ ಹೋದ ಮೊದಲ ಮಗಳು. ಹೋದದ್ದು ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡಿಗೆ. ವಿದ್ಯಾರ್ಥಿವೇತನ ಇತ್ತು, ಆದರೆ ಪುಸ್ತಕಕ್ಕೆ, ಊಟಕ್ಕೆ ಸಾಲದು. ಎರಡೆರಡು ಕಡೆ ಕೂಲಿ ಕೆಲಸ ಮಾಡಿದಳು. ಕೆಲಸ ಮಾಡಿದರೆ ಓದಲು ಹೊತ್ತಿಲ್ಲ, ಓದಿದರೆ ಪುಸ್ತಕಕ್ಕೆ ಕಾಸಿಲ್ಲ. ಅಂಕ ಬಿತ್ತು, ವಿದ್ಯಾರ್ಥಿವೇತನ ಹೋಯಿತು, ಹುಡುಗಿ ಕಾಲೇಜು ಬಿಟ್ಟು ಮನೆಗೆ ಬಂದಳು. ಇಲ್ಲಿ ಬೀದಿಗೆ ಬೀದಿಯೇ ಅವಳನ್ನು ಹೊತ್ತು ಮೆರೆಸಲು ಕಾದಿದೆ! ಸೋತು ಬಂದೆ ಎಂದು ಯಾರ ಮುಖ ನೋಡಿ ಹೇಳಬೇಕು? ನಮ್ಮ ಹಳ್ಳಿಗಳಿಂದ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜಿಗೆ ಬಂದು, ಒಂದು ಸೆಮಿಸ್ಟರಿಗೇ ಮಂಕಾಗಿ, ಹಬ್ಬಕ್ಕೆ ಊರಿಗೆ ಹೋದಾಗ ನಗುಮುಖ ಹಾಕುವ ಮಕ್ಕಳನ್ನು ಕಂಡವರಿಗೆ ನಾನು ಹೆಚ್ಚು ವಿವರಿಸಬೇಕಾಗಿಲ್ಲ.

ನೀನಾಳ ಅಪ್ಪ ಕೆವಿನ್ ರೊಸಾರಿಯೊ ಟ್ಯಾಕ್ಸಿ ಕಂಪನಿ ನಡೆಸುವವನು. ಅವನಪ್ಪ ಪೋರ್ಟೊ ರಿಕೊದಲ್ಲಿ ಹೊಲದಲ್ಲಿ ದುಡಿದವನು, ಮಗನೂ ಹೊಲದಲ್ಲೇ ಇರಲಿ ಎಂದವನು. ಕೆವಿನ್ ಹಟ ಹಿಡಿದು ಊರು ಬಿಟ್ಟು ಬಂದ. ಈಗ ಮಗಳ ಓದಿಗೆಂದು, ಹೆಂಡತಿಯನ್ನೂ ಕೇಳದೆ, ಜೀವಮಾನ ಕಟ್ಟಿದ ಕಂಪನಿಯನ್ನೇ ಮಾರಿಬಿಡುತ್ತಾನೆ. ತ್ಯಾಗ ಎಂದು ನಾವು ಚಪ್ಪಾಳೆ ತಟ್ಟುತ್ತೇವೆ, ಆದರೆ ನಾಟಕ ಅಷ್ಟಕ್ಕೆ ಬಿಡುವುದಿಲ್ಲ. ಹೆಂಡತಿ ಕಮೀಲಾ ಎದ್ದು ನಿಂತು, ಈ ಕಂಪನಿ ನಿನ್ನೊಬ್ಬನದೇ ಏನು, ನಾನೂ ಕಟ್ಟಿದ್ದಲ್ಲವೇ ಎಂದು ಗಂಡನಿಗೂ ಮಗಳಿಗೂ ಸೇರಿಸಿ ಬಿಸಿ ಮುಟ್ಟಿಸುತ್ತಾಳೆ. ಒಳ್ಳೆಯ ದೃಶ್ಯ.

ಇನ್ನು ಬೆನ್ನಿ. ಈ ಸಭೆಯಲ್ಲಿರುವ ನಿಮಗೆಲ್ಲ ಬೆನ್ನಿ ಇಷ್ಟವಾಗುತ್ತಾನೆ, ಬರೆದಿಟ್ಟುಕೊಳ್ಳಿ. ಕೆವಿನ್‌ನ ಟ್ಯಾಕ್ಸಿ ಆಫೀಸಿನಲ್ಲಿ ಕೆಲಸ ಮಾಡುವ ಕಪ್ಪು ಹುಡುಗ. ಬೀದಿಯಲ್ಲಿ ಇಂಗ್ಲಿಷ್ ಮಾತ್ರ ಬಲ್ಲವನು ಅವನೊಬ್ಬನೇ. ನೀನಾಳನ್ನು ಪ್ರೀತಿಸುತ್ತಾನೆ. ಕೆವಿನ್ ಒಪ್ಪುವುದಿಲ್ಲ, ನೀನು ನಮ್ಮವನಲ್ಲ ಎಂಬುದೇ ಕಾರಣ. ಜುಲೈ 4ರ ರಾತ್ರಿ ಕರೆಂಟು ಹೋಗಿ ಇಡೀ ಬಡಾವಣೆ ಕತ್ತಲಾಗುತ್ತದೆ. ಮರುದಿನ ಬೆಳಗಿನ ಜಾವ ಇವರಿಬ್ಬರೂ ಕೂತಿರುವಾಗ ನೀನಾ ಒಂದೊಂದೇ ಸ್ಪ್ಯಾನಿಷ್ ಪದ ಹೇಳಿಕೊಡುತ್ತಾಳೆ, ಬೆನ್ನಿ ಒಂದೊಂದೇ ಪದ ಕಲಿಯುತ್ತಾನೆ. ಅಮೆರಿಕದ ರಂಗದ ಮೇಲೆ ಇಂಗ್ಲಿಷಿನವನು ಪಾಠ ಕಲಿಯುವ ಹುಡುಗ, ಟ್ಯಾಕ್ಸಿಯವನ ಮಗಳು ಮೇಷ್ಟ್ರು! ಬೀದಿಯಲ್ಲಿ ಬಾಳಬೇಕೆಂದರೆ ಬೀದಿಯ ಮಾತು ಬೇಕು ಎಂದು ಅವನಿಗೆ ಯಾರೂ ಭಾಷಣ ಮಾಡಿ ಹೇಳಲಿಲ್ಲ. ಅವನಿಗೇ ಬೇಕೆನಿಸಿತು.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಿಬಿಡುತ್ತೇನೆ, ಏಕೆಂದರೆ ಹಿಂದಿನ ಸಾಲಿನಲ್ಲಿ ಕೆಲವರು ಆಗಲೇ ಗುಸುಗುಸು ಶುರು ಮಾಡಿದ್ದಾರೆ. ನ್ಯೂಯಾರ್ಕಿನಲ್ಲಿ ಸ್ಪ್ಯಾನಿಷ್ ವಲಸೆ ಬಂದವರ ಭಾಷೆ. ಬೆಂಗಳೂರಿನಲ್ಲಿ ಕನ್ನಡ ಈ ನೆಲದ ಭಾಷೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಲಾಗದು, ಒಪ್ಪಿದೆ. ಹೋಲಿಸಲೇಬೇಕೆಂದರೆ, ಹೋಟೆಲು ಕೆಲಸಕ್ಕೆ ಮುಂಬೈಗೆ ಹೋಗಿ, ಹಗಲು ಲೋಟ ತೊಳೆದು, ರಾತ್ರಿಶಾಲೆಯಲ್ಲಿ ಕನ್ನಡ ಓದಿದ ನಮ್ಮ ಕರಾವಳಿಯ ಹುಡುಗರ ಕಥೆಗೆ ಇದು ಹತ್ತಿರ. ಅವರ ಮೇಲೆ ನಮಗೆ ಅಭಿಮಾನ ಇದ್ದರೆ ಉಸ್ನಾವಿಯ ಮೇಲೂ ಇರಬೇಕು. ಅದು ನನ್ನ ನಿಲುವು, ಒಪ್ಪದವರು ಆಮೇಲೆ ಚಹಾದ ಹೊತ್ತಿಗೆ ಜಗಳಕ್ಕೆ ಬನ್ನಿ.

ಈಗ ಭಾಷೆಯ ಕೆಲಸ ಹೇಗೆ ನಡೆಯುತ್ತದೆ ನೋಡಿ. ಈ ನಾಟಕದಲ್ಲಿ ಸ್ಪ್ಯಾನಿಷ್ ಮಾತಿಗೆ ಅರ್ಥ ಬರೆದ ಫಲಕವಿಲ್ಲ, ಯಾರೋ ಮುಂದೆ ಬಂದು ಅನುವಾದ ಹೇಳುವುದಿಲ್ಲ. ಒಬ್ಬರು ಸ್ಪ್ಯಾನಿಷಿನಲ್ಲಿ ಬೈದರೆ ಮತ್ತೊಬ್ಬರು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾರೆ, ಬೈಗುಳ ಏನಿತ್ತು ಎಂದು ಉತ್ತರದಲ್ಲೇ ತಿಳಿಯುತ್ತದೆ. ತಿಂಡಿಯ ಹೆಸರು, ದೇವರ ಹೆಸರು, ಅಮ್ಮನನ್ನು ಕರೆಯುವ ಹೆಸರು ಸ್ಪ್ಯಾನಿಷಿನಲ್ಲೇ ಉಳಿಯುತ್ತದೆ, ಲೆಕ್ಕಪತ್ರ ಇಂಗ್ಲಿಷಿಗೆ ಜಾರುತ್ತದೆ. ಮುದುಕರಲ್ಲಿ ಸ್ಪ್ಯಾನಿಷ್ ಹೆಚ್ಚು, ಮಕ್ಕಳಲ್ಲಿ ಕಡಿಮೆ. ಉಸ್ನಾವಿ ಮಾತನಾಡುವುದೇ ರ‍್ಯಾಪ್ ಧಾಟಿಯಲ್ಲಿ, ಅಂದರೆ ತಾಳಕ್ಕೆ ಸರಸರನೆ ಪ್ರಾಸ ಹೊಸೆಯುವ ಆ ನಗರದ ಹುಡುಗರ ಗತ್ತಿನಲ್ಲಿ. ಮನೆಯೊಳಗಿನಿಂದ ಸಾಲ್ಸಾ, ಮೆರೆಂಗೆ ವಾದ್ಯಗಳು ಬಂದು ಅದರೊಳಗೆ ಸೇರುತ್ತವೆ. ಹೀಗೆ ಮೂರು ತಲೆಮಾರಿನ ಮಾತು ಒಂದೇ ಬೀದಿಯಲ್ಲಿ ಕೇಳುತ್ತದೆ. ನನ್ನ ಪ್ರೆಸ್ಸಿಗೆ ಮದುವೆ ಪತ್ರಿಕೆ ಮಾಡಿಸಲು ಬರುವ ಮನೆಗಳಲ್ಲೂ ಇದೇ ಕಥೆ: ತಾತನಿಗೆ ಕನ್ನಡದಲ್ಲಿ, ಮದುಮಗನ ಆಫೀಸಿಗೆ ಇಂಗ್ಲಿಷಿನಲ್ಲಿ, ಎರಡು ಬೇರೆ ಬೇರೆ ಪತ್ರಿಕೆ.

ಬೀದಿಯಲ್ಲಿ ಐಸು ಹೆರೆದು ಬಣ್ಣದ ಪಾಕ ಹಾಕಿ ಮಾರುವವನೊಬ್ಬನಿದ್ದಾನೆ, ನಮ್ಮ ಗೋಲಾ ಮಾರುವವನಂತೆ. ಅವನ ಐಸಿನ ಹೆಸರು ಪಿರಾಗ್ವಾ, ಪೋರ್ಟೊ ರಿಕೊದ್ದು. ಅವನಿಗೆ ಪೈಪೋಟಿ, ದೊಡ್ಡ ಕಂಪನಿಯೊಂದರ ಐಸ್‌ಕ್ರೀಮ್ ಗಾಡಿ. ಅವನಿಗೆ ಹೆಸರೇ ಇಲ್ಲ, ಕಥೆಯೂ ಇಲ್ಲ, ಎರಡು ಪುಟ್ಟ ಹಾಡು ಅಷ್ಟೇ. ಎರಡನೆಯ ಸಲ ಬರುವಾಗ ಕಂಪನಿಯ ಗಾಡಿ ಕೆಟ್ಟು ನಿಂತಿರುತ್ತದೆ, ಇವನ ವ್ಯಾಪಾರ ಕುದುರಿರುತ್ತದೆ. 2021ರ ಸಿನಿಮಾದಲ್ಲಿ ಮಿರಾಂಡಾ ತನಗಾಗಿ ಆರಿಸಿಕೊಂಡದ್ದು ಈ ಪಾತ್ರವನ್ನು.

ಎಲ್ಲ ಹೊಗಳಿಕೆಯೇ ಆಯಿತು ಎನ್ನಬೇಡಿ. ನಾಟಕದಲ್ಲಿ ಕೊರತೆಗಳಿವೆ. ಅಂಗಡಿಯಲ್ಲಿ ಮಾರಿದ ಲಾಟರಿ ಟಿಕೆಟಿಗೆ 96,000 ಡಾಲರ್ ಬಹುಮಾನ ಬರುತ್ತದೆ, ಅದು ಅಜ್ಜಿಯ ಕೈಗೇ ಬೀಳುತ್ತದೆ. ಕಷ್ಟ ಬಿಗಿದಾಗ ಲಾಟರಿ ಹೊಡೆಯುವುದು ನಮ್ಮ ಹಳೆಯ ಸಿನಿಮಾಗಳ ಉಪಾಯ. ನಮ್ಮಲ್ಲಿ ಲಾಟರಿಯೇ 2007ರಲ್ಲಿ ನಿಷೇಧವಾಯಿತು, ಕಥೆಗಾರರಿಗೆ ಆ ಬಾಗಿಲೂ ಮುಚ್ಚಿತು. 1980ರ ದಶಕದಲ್ಲಿ ವಾಷಿಂಗ್ಟನ್ ಹೈಟ್ಸ್ ಮಾದಕ ವಸ್ತುವಿನ ದಂಧೆಗೆ ಕುಖ್ಯಾತವಾಗಿತ್ತು. ನಾಟಕದಲ್ಲಿ ಅದರ ವಾಸನೆಯೂ ಇಲ್ಲ. ಚಾಕುವಿನ ಕಥೆ ಸಾಕಾಗಿದೆ ಎಂದು ಬೇಕೆಂದೇ ಬಿಟ್ಟದ್ದು ಸರಿ, ಆದರೂ ಬೀದಿ ಒಂದಿಷ್ಟು ಹೆಚ್ಚೇ ತೊಳೆದಿಟ್ಟಂತೆ ಕಾಣುತ್ತದೆ. ಸಿನಿಮಾ ಬಂದಾಗ ಎದ್ದ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಆ ಬಡಾವಣೆಯ ಡೊಮಿನಿಕನ್ನರಲ್ಲಿ ಬಹಳ ಮಂದಿ ಆಫ್ರಿಕನ್ ಮೂಲದ ಕಡುಕಪ್ಪು ಬಣ್ಣದವರು. ಮುಖ್ಯ ಪಾತ್ರಗಳಲ್ಲಿ ಅವರೆಲ್ಲಿ ಎಂದು ಜನ ಕೇಳಿದರು. 2021ರ ಜೂನ್‌ನಲ್ಲಿ ಮಿರಾಂಡಾ ಬಹಿರಂಗವಾಗಿ ಕ್ಷಮೆ ಕೇಳಿದ. ತಮ್ಮವರ ಭಾಷೆಗೆ ಜಾಗ ಕೇಳಿ ಹೊರಟವನು ತಮ್ಮವರ ಬಣ್ಣವನ್ನೇ ಮರೆತರೆ ಕೇಳುವವರು ಕೇಳಲೇಬೇಕು.

ಕಾಲೇಜಿನಿಂದ ಬ್ರಾಡ್‌ವೇಗೆ ಎಂಟು ವರ್ಷ ಹಿಡಿಯಿತು. ಥಾಮಸ್ ಕೇಲ್ ನಿರ್ದೇಶಕನಾಗಿ ಸೇರಿಕೊಂಡ. ನ್ಯೂಯಾರ್ಕಿನಲ್ಲಿ ನಾಟಕದ ಪುಸ್ತಕಗಳನ್ನೇ ಮಾರುವ 'ಡ್ರಾಮಾ ಬುಕ್ ಶಾಪ್' ಎಂಬ ಹಳೆಯ ಅಂಗಡಿಯಿದೆ, 1917ರದ್ದು. ಅದರ ನೆಲಮಾಳಿಗೆಯಲ್ಲಿ ಕೂತು ಇವರು ನಾಟಕವನ್ನು ತಿದ್ದಿದರು. ಸಂಭಾಷಣೆಗೆ ಕಿಯಾರಾ ಅಲೆಗ್ರಿಯಾ ಹ್ಯೂಡೆಸ್ ಬಂದರು, ಅವರ ತಾಯಿಯೂ ಪೋರ್ಟೊ ರಿಕೊದವರು. 2007ರಲ್ಲಿ ಸಣ್ಣ ರಂಗಮಂದಿರ, 2008ರ ಮಾರ್ಚ್ 9ರಂದು ಬ್ರಾಡ್‌ವೇಯ ರಿಚರ್ಡ್ ರಾಜರ್ಸ್ ರಂಗಮಂದಿರ. ಆ ವರ್ಷ ಟೋನಿ ಪ್ರಶಸ್ತಿಗೆ 13 ವಿಭಾಗಗಳಲ್ಲಿ ಹೆಸರು ಬಂತು, ನಾಲ್ಕು ಸಿಕ್ಕವು, ಅದರಲ್ಲಿ ವರ್ಷದ ಅತ್ಯುತ್ತಮ ಸಂಗೀತ ನಾಟಕದ್ದೂ ಒಂದು. 2011ರ ಜನವರಿಯಲ್ಲಿ ಮುಗಿಯುವ ಹೊತ್ತಿಗೆ 1,184 ಪ್ರದರ್ಶನ ಆಗಿತ್ತು. ಪುಸ್ತಕದಂಗಡಿಯ ಕಥೆ ಮುಗಿಸಿಬಿಡುತ್ತೇನೆ: ಬಾಡಿಗೆ ಏರಿ ಅದು ಮುಚ್ಚುವ ಸ್ಥಿತಿ ಬಂದಾಗ 2019ರಲ್ಲಿ ಮಿರಾಂಡಾ, ಕೇಲ್ ಮತ್ತಿಬ್ಬರು ಸೇರಿ ಅದನ್ನು ಕೊಂಡರು, 2021ರಲ್ಲಿ ಬೇರೆ ಜಾಗದಲ್ಲಿ ಮತ್ತೆ ತೆರೆದರು. ಮುದ್ರಕನ ಹೊಟ್ಟೆ ತಣ್ಣಗಾಗುವ ಸುದ್ದಿ.

ಇದೇ ಹೊತ್ತಿಗೆ ನಡೆದ ಇನ್ನೊಂದು ಪ್ರಯೋಗ ನಾವು ನೋಡಲೇಬೇಕಾದದ್ದು. 2009ರ ಮಾರ್ಚ್‌ನಲ್ಲಿ ಹಳೆಯ 'ವೆಸ್ಟ್ ಸೈಡ್ ಸ್ಟೋರಿ'ಯನ್ನೇ ಬ್ರಾಡ್‌ವೇಯಲ್ಲಿ ಹೊಸದಾಗಿ ಆಡಿಸಿದರು. ಪೋರ್ಟೊ ರಿಕೊದವರು ತಮ್ಮತಮ್ಮಲ್ಲಿ ಇಂಗ್ಲಿಷ್ ಆಡುವುದು ಸುಳ್ಳು, ಅವರು ಸ್ಪ್ಯಾನಿಷೇ ಆಡಲಿ ಎಂದು ತೀರ್ಮಾನವಾಯಿತು. ಅನುವಾದ ಮಾಡಿದ್ದು ಇದೇ ಮಿರಾಂಡಾ. ಉದ್ದೇಶ ಒಳ್ಳೆಯದು. ಆದರೆ ಕೆಲವೇ ತಿಂಗಳಲ್ಲಿ, ಆಗಸ್ಟ್ ಹೊತ್ತಿಗೆ, ಪ್ರೇಕ್ಷಕರಿಗೆ ಅರ್ಥವಾಗುತ್ತಿಲ್ಲ ಎಂದು ಕೆಲವು ಹಾಡುಗಳ ಸಾಲುಗಳನ್ನು ಮತ್ತೆ ಇಂಗ್ಲಿಷಿಗೆ ಮರಳಿಸಿದರು. ಅದೇ ಊರು, ಅದೇ ಭಾಷೆ, ಅದೇ ಬರಹಗಾರ. ಒಂದು ಕಡೆ ಸ್ಪ್ಯಾನಿಷ್ ಉಳಿಯಿತು, ಇನ್ನೊಂದು ಕಡೆ ಹಿಂದೆ ಸರಿಯಿತು. ಯಾಕೆ? ನನ್ನ ಅಭಿಪ್ರಾಯ ಪ್ರೆಸ್ಸಿನವನದು. ಮೊಳೆ ಜೋಡಿಸಿ, ಪುಟ ಕಟ್ಟಿ, ಚೌಕಟ್ಟು ಬಿಗಿದ ಮೇಲೆ ನಡುವೆ ಹೊಸ ಸಾಲು ತುರುಕಿದರೆ ಅದು ಕೂರುವುದಿಲ್ಲ, ಅಕ್ಕಪಕ್ಕದ ಸಾಲನ್ನೂ ಕೆಡಿಸುತ್ತದೆ. 'ವೆಸ್ಟ್ ಸೈಡ್ ಸ್ಟೋರಿ' ಇಂಗ್ಲಿಷ್ ಕಿವಿಗೆಂದೇ 1957ರಲ್ಲಿ ಕಟ್ಟಿದ ಪುಟ. 'ಇನ್ ದಿ ಹೈಟ್ಸ್'ನ ಪುಟದಲ್ಲಿ ಸ್ಪ್ಯಾನಿಷಿಗೆ ಮೊದಲ ದಿನವೇ ಜಾಗ ಬಿಟ್ಟಿತ್ತು.

ಹನ್ನೆರಡು ವರ್ಷದ ಮೇಲೆ, 2021ರ ಡಿಸೆಂಬರಿನಲ್ಲಿ, ಸ್ಪೀಲ್‌ಬರ್ಗ್ 'ವೆಸ್ಟ್ ಸೈಡ್ ಸ್ಟೋರಿ'ಯನ್ನು ಸಿನಿಮಾ ಮಾಡಿದಾಗ ಸ್ಪ್ಯಾನಿಷ್ ಮಾತುಗಳಿಗೆ ಇಂಗ್ಲಿಷ್ ಉಪಶೀರ್ಷಿಕೆ ಹಾಕಲೇ ಇಲ್ಲ. ಹಾಕಿದರೆ ಇಂಗ್ಲಿಷನ್ನು ಮೇಲೆ ಕೂರಿಸಿದಂತಾಗುತ್ತದೆ ಎಂಬ ಅರ್ಥದ ವಿವರಣೆ ಕೊಟ್ಟರು. ಇಂಥ ದೊಡ್ಡ ನಿರ್ದೇಶಕನಿಗೆ ಆ ಧೈರ್ಯ ಬರುವ ಮುಂಚೆ ಒಬ್ಬ ವಿದ್ಯಾರ್ಥಿ ಅದನ್ನು ಕಾಲೇಜಿನ ರಂಗದ ಮೇಲೆ ಮಾಡಿ ತೋರಿಸಿದ್ದ. ಇಷ್ಟೆಲ್ಲ ಆದ ಮೇಲೂ 2025ರ ಮಾರ್ಚ್‌ನಲ್ಲಿ ಅಧ್ಯಕ್ಷ ಟ್ರಂಪ್ ಇಂಗ್ಲಿಷನ್ನು ಅಮೆರಿಕದ ಅಧಿಕೃತ ಭಾಷೆ ಎಂದು ಘೋಷಿಸುವ ಆದೇಶಕ್ಕೆ ಸಹಿ ಹಾಕಿದರು. ಆ ದೇಶದ ಒಕ್ಕೂಟ ಸರ್ಕಾರಕ್ಕೆ ಅದುವರೆಗೆ ಅಧಿಕೃತ ಭಾಷೆ ಎಂಬುದೇ ಇರಲಿಲ್ಲ. ರಂಗ ಒಂದು ಕಡೆ, ರಾಜ್ಯಭಾರ ಇನ್ನೊಂದು ಕಡೆ.

ಕೊನೆಗೆ ತಿರುಗಾಟದ ಮಾತು. ನಮ್ಮ ಕಂಪನಿ ನಾಟಕದವರು ಜಾತ್ರೆಯಿಂದ ಜಾತ್ರೆಗೆ ಕ್ಯಾಂಪ್ ಹಾಕುತ್ತಿದ್ದಂತೆ ಬ್ರಾಡ್‌ವೇ ನಾಟಕಗಳಿಗೂ ತಿರುಗುವ ತಂಡ ಇರುತ್ತದೆ. ಮೂಲ ತಂಡ ನ್ಯೂಯಾರ್ಕಿನಲ್ಲಿ ಆಡುತ್ತಿರುವಾಗಲೇ ಎರಡನೆಯ ತಂಡ ಕಟ್ಟಿ, ರಂಗಸಜ್ಜಿಕೆಯನ್ನು ಲಾರಿಗಳಿಗೆ ತುಂಬಿ, ಊರಿಗೆ ಒಂದು ವಾರ ಎರಡು ವಾರ ಆಡಿ ಮುಂದೆ ಹೋಗುತ್ತಾರೆ. ಅಲ್ಲಿ ಪ್ರೇಕ್ಷಕರಿಗೆ ಪಾತ್ರವರ್ಗದ ಹೆಸರಿರುವ 'ಪ್ಲೇಬಿಲ್' ಎಂಬ ಪುಸ್ತಿಕೆಯನ್ನು ಪುಕ್ಕಟೆ ಹಂಚುತ್ತಾರೆ, ಅದರ ಮೊದಲ ಮುದ್ರಣ 1884ರಲ್ಲಿ. ನಮ್ಮ ಗುಬ್ಬಿ ಕಂಪನಿ ಹುಟ್ಟಿದ್ದೂ 1884ರಲ್ಲೇ. ಸುಮ್ಮನೆ ಹೇಳಿದೆ, ಪ್ರೆಸ್ಸಿನವನಿಗೆ ಇಂಥದ್ದು ಕಣ್ಣಿಗೆ ಬೀಳುತ್ತದೆ.

'ಇನ್ ದಿ ಹೈಟ್ಸ್' ತಂಡ 2009ರ ಅಕ್ಟೋಬರಿನಲ್ಲಿ ಫ್ಲೋರಿಡಾದ ಟ್ಯಾಂಪಾ ಊರಿನಿಂದ ಹೊರಟಿತು. ಸ್ಪ್ಯಾನಿಷ್ ಬಲ್ಲವರು ತುಂಬಿದ ಊರಲ್ಲೂ ಆಡಿತು, ಒಂದು ಪದವೂ ಬಾರದ ಊರಲ್ಲೂ ಆಡಿತು. ಲಾಸ್ ಏಂಜಲೀಸಿನಲ್ಲಿ ಆಡಿದಾಗ ಮಿರಾಂಡಾ ತಾನೇ ಮತ್ತೆ ಉಸ್ನಾವಿಯ ಅಂಗಿ ತೊಟ್ಟ. ಆದರೆ ಎಲ್ಲಕ್ಕಿಂತ ದೊಡ್ಡ ಪರೀಕ್ಷೆ 2010ರ ಕೊನೆಯಲ್ಲಿ ಬಂತು. ತಂಡ ಸಮುದ್ರ ದಾಟಿ ಪೋರ್ಟೊ ರಿಕೊದ ರಾಜಧಾನಿ ಸಾನ್ ಹ್ವಾನ್‌ಗೆ ಹೋಯಿತು. ಅಮೆರಿಕದ ನಟರ ಸಂಘದ ಕರಾರಿನಲ್ಲಿ ನಡೆಯುವ ತಿರುಗಾಟದ ತಂಡವೊಂದು ಆ ಊರಿಗೆ ಬಂದದ್ದು ಅದೇ ಮೊದಲು.

ಆ ದ್ವೀಪದ ಭಾಷೆಯ ಚರಿತ್ರೆ ಕೇಳಿದರೆ ಇದು ಎಂಥ ಘಳಿಗೆ ಎಂದು ನಿಮಗೆ ಹೊಳೆಯುತ್ತದೆ. 1898ರ ಯುದ್ಧದಲ್ಲಿ ಸ್ಪೇನ್ ಕೈಯಿಂದ ಅಮೆರಿಕ ಅದನ್ನು ಕಿತ್ತುಕೊಂಡಿತು. ಸ್ಪ್ಯಾನಿಷ್ ಬಿಟ್ಟು ಬೇರೆ ಗೊತ್ತಿಲ್ಲದ ಮಕ್ಕಳ ಮೇಲೆ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ಹೇರಿದರು. ನೀತಿ ಹಲವು ಸಲ ಬದಲಾಯಿತು, ಒಮ್ಮೆ ಸಡಿಲ, ಒಮ್ಮೆ ಬಿಗಿ. ಜನ ಮನೆಯಲ್ಲಿ, ಚರ್ಚಿನಲ್ಲಿ, ಸಂತೆಯಲ್ಲಿ ತಮ್ಮ ಮಾತು ಬಿಡಲಿಲ್ಲ. 1940ರ ದಶಕದ ಕೊನೆಗೆ ಶಾಲೆಯ ಮಾಧ್ಯಮ ಮತ್ತೆ ಸ್ಪ್ಯಾನಿಷ್ ಆಯಿತು. 1991ರಲ್ಲಿ ಅಲ್ಲಿಯ ಸರ್ಕಾರ ಸ್ಪ್ಯಾನಿಷ್ ಒಂದನ್ನೇ ಆಡಳಿತ ಭಾಷೆ ಎಂದು ಕಾನೂನು ಮಾಡಿತು. ಅದಕ್ಕಾಗಿ ಸ್ಪೇನ್ ದೇಶ ಒಂದು ದೊಡ್ಡ ಸಾಹಿತ್ಯ ಪ್ರಶಸ್ತಿಯನ್ನು ಯಾವ ಲೇಖಕನಿಗೂ ಅಲ್ಲ, ಪೋರ್ಟೊ ರಿಕೊದ ಜನತೆಗೇ ಕೊಟ್ಟಿತು! ಸರ್ಕಾರ ಬದಲಾಗಿ 1993ರಲ್ಲಿ ಇಂಗ್ಲಿಷ್ ಮತ್ತೆ ಜೊತೆಗೆ ಬಂದು ಕೂತಿತು. ಇಂಥ ಜನರ ಮುಂದೆ, ಅವರ ದ್ವೀಪ ಬಿಟ್ಟು ಹೋದವರ ಮೊಮ್ಮಕ್ಕಳ ಅರೆಬರೆ ಸ್ಪ್ಯಾನಿಷ್, ಮುಕ್ಕಾಲು ಇಂಗ್ಲಿಷಿನ ನಾಟಕ. ನಮ್ಮ ಮಾತನ್ನು ಕೆಡಿಸಿಕೊಂಡು ಬಂದಿರಲ್ಲ ಎಂದು ಅವರು ಮುಖ ತಿರುಗಿಸಿದ್ದರೆ ತಪ್ಪೆನ್ನುವಂತಿರಲಿಲ್ಲ.

ಮುಖ್ಯ ಪಾತ್ರಕ್ಕೆ ಮಿರಾಂಡಾ ಮತ್ತೆ ಬಂದ. ಬೇಸಿಗೆ ರಜೆಗೆ ಬರುತ್ತಿದ್ದ ವೇಗಾ ಆಲ್ಟಾ ಅಲ್ಲಿಂದ ಬಹಳ ದೂರವಿಲ್ಲ. ನಾಟಕದಲ್ಲಿ ಒಂದು ದೃಶ್ಯವಿದೆ: ಬಿಸಿಲಿಗೆ ಸೊರಗಿ ಕೂತ ಬೀದಿಯ ಜನ ಎದ್ದು ತಮ್ಮ ತಮ್ಮ ನಾಡಿನ ಬಾವುಟ ಎತ್ತಿ ಕುಣಿಯುತ್ತಾರೆ, ಡೊಮಿನಿಕನ್ನರದು, ಕ್ಯೂಬಾದ್ದು, ಮೆಕ್ಸಿಕೊದ್ದು, ಪೋರ್ಟೊ ರಿಕೊದ್ದು. ನ್ಯೂಯಾರ್ಕಿನಲ್ಲಿ ಅದು ಪರಊರಿನಲ್ಲಿ ಎತ್ತಿದ ಬಾವುಟ. ಸಾನ್ ಹ್ವಾನ್‌ನಲ್ಲಿ ಅದು ಸ್ವಂತ ಮನೆಯೊಳಗೆ ಎತ್ತಿದ ಬಾವುಟ. ಒಂದೇ ದೃಶ್ಯ, ಊರು ಬದಲಾದರೆ ಅರ್ಥವೇ ಬೇರೆ. ತಿರುಗಾಟದ ನಾಟಕಕ್ಕೆ ಸಿಗುವ ಭಾಗ್ಯ ಇದು. ಆ ವಾರ ಮುಗಿಸಿ ತಂಡ ಮತ್ತೆ ಗಂಟು ಕಟ್ಟಿತು, 2011ರ ಏಪ್ರಿಲ್‌ವರೆಗೆ ಊರೂರು ತಿರುಗಿತು.

ಹಾಡುಗಳನ್ನು ಕೇಳಬೇಕೆನ್ನುವವರು ಭಾನುವಾರ ಮಧ್ಯಾಹ್ನ ಪ್ರೆಸ್ಸಿಗೆ ಬನ್ನಿ. ಮಿಷನ್ ನಿಲ್ಲಿಸಿರುತ್ತೇನೆ, ಸದ್ದಿರುವುದಿಲ್ಲ. ಅಜ್ಜಿಯ ಹಾಡಿನಿಂದ ಶುರು ಮಾಡೋಣ.